ಹದಿಹರೆಯಕ್ಕೊಂದು ತಾಲೀಮು

ಬೆಳಗಾವಿಯಿಂದ ಬಾಗಲಕೋಟೆಯ ದಿಕ್ಕಿಗೆ ಸುಮಾರು ಹತ್ತು ಕಿಲೋಮೀಟರ್ ಸಾಗಿದರೆ ಸಾಂಬ್ರಾ ಸಿಗುತ್ತದೆ. ಹೊರಗಿನವರ ಪಾಲಿಗೆ ಅದು ವಿಮಾನ ನಿಲ್ದಾಣದ ಹೆಸರು. ಆದರೆ ದೇಶದ ನಾನಾ ಮೂಲೆಗಳ ಸಾವಿರಾರು ತರುಣರ ಪಾಲಿಗೆ ಅದು ವಾಯುಪಡೆಯ ಏರ್‌ಮೆನ್ ತರಬೇತಿ ಶಾಲೆಯ ಹೆಸರು. ಆಗಷ್ಟೇ ಹದಿಹರೆಯ ದಾಟುತ್ತಿರುವ, ಬಡ ಮತ್ತು ಮಧ್ಯಮ ವರ್ಗದ ಮನೆಗಳಿಂದ ಬಂದ ಮಕ್ಕಳು ಅಲ್ಲಿ ಶಿಸ್ತಿನ ಸಿಪಾಯಿಗಳಾಗಿ ರೂಪುಗೊಳ್ಳುತ್ತಾರೆ. ಅಗ್ನಿವೀರ್‌ವಾಯು ಯೋಜನೆಯಡಿ ಆಯ್ಕೆಯಾದ ಯುವತಿಯರ ಮೊದಲ ತಂಡ 2023ರ ಡಿಸೆಂಬರ್‌ನಲ್ಲಿ ತರಬೇತಿ ಮುಗಿಸಿ ಹೊರಬಂದುದೂ ಇದೇ ಮೈದಾನದಿಂದ. ಅಗ್ನಿವೀರ ಯೋಜನೆಯ ಕುರಿತು ಇರುವ ಟೀಕೆ, ಆಕ್ಷೇಪಗಳು ಬೇರೆ. ಇಲ್ಲಿರುವ ಪ್ರಶ್ನೆ ಇಷ್ಟೇ: ಅದೇ ವಯಸ್ಸಿನ ನಮ್ಮ ಮಕ್ಕಳು ಆ ಹೊತ್ತಿನಲ್ಲಿ ಏನು ಮಾಡುತ್ತಿರುತ್ತಾರೆ?

ಉತ್ತರ ನಮಗೆಲ್ಲರಿಗೂ ಗೊತ್ತು. ನಮ್ಮ ಪಟ್ಟಣಗಳ ಮೊಹಲ್ಲಾಗಳಲ್ಲಿ ರಾತ್ರಿ ಹನ್ನೊಂದಾದರೂ ಕಟ್ಟೆಗಳು ಖಾಲಿಯಾಗುವುದಿಲ್ಲ. ತಲೆತಗ್ಗಿಸಿ ಮೊಬೈಲ್ ನೋಡುವ ಹುಡುಗರು, ಇಶಾ ನಮಾಝಿನ ಬಳಿಕ ಬೈಕಿನ ಮುಂಗಾಲಿ ಎತ್ತಿ ಓಡಿಸುವ ಹುಡುಗರು, ಗುಟ್ಕಾದಿಂದ ಆರಂಭಿಸಿ ಗಾಂಜಾದವರೆಗೆ ತಲುಪಿದ ಹುಡುಗರು. ಬೆಳಿಗ್ಗೆ ಫಜ್ರ್‌ಗೆ ಏಳುವವರನ್ನು ಬೆರಳಲ್ಲಿ ಎಣಿಸಬಹುದು. ಹಾಗೆಂದು ಇದು ನಮ್ಮ ಸಮುದಾಯಕ್ಕೆ ಸೀಮಿತವಾದ ರೋಗವಲ್ಲ. ಮಕ್ಕಳು ಮತ್ತು ಹದಿಹರೆಯದವರು ದಿನಕ್ಕೆ ಕನಿಷ್ಠ 60 ನಿಮಿಷ ದೇಹ ದಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜಗತ್ತಿನ ಹದಿಹರೆಯದವರಲ್ಲಿ ಐವರ ಪೈಕಿ ನಾಲ್ವರು ಈ ಮಟ್ಟ ತಲುಪುತ್ತಿಲ್ಲವೆಂದು ಅದೇ ಸಂಸ್ಥೆಯ ತಜ್ಞರು 2019ರಲ್ಲಿ ಪ್ರಕಟಿಸಿದ ಅಧ್ಯಯನ ತಿಳಿಸಿತ್ತು. ಆದರೆ ರೋಗ ಎಲ್ಲರದ್ದು ಎಂಬುದು ನಮ್ಮ ಮನೆಯ ಮಗುವಿಗೆ ಔಷಧಿ ಕೊಡದಿರಲು ಕಾರಣವಾಗಬಾರದಲ್ಲವೇ?

ಆ ಔಷಧಿ ದೂರದಲ್ಲೇನೂ ಇಲ್ಲ. ಬೆಳಗಾವಿ ಸೀಮೆಯಲ್ಲಿ ವ್ಯಾಯಾಮ ಶಾಲೆಗೆ, ಗರಡಿಮನೆಗೆ ಜನರು ಬಳಸುವ ಪದ 'ತಾಲೀಮು'. ಇದು ಅರಬಿ ಭಾಷೆಯ ಪದ. ಅರ್ಥ, ಕಲಿಸುವುದು. ಮದ್ರಸದಲ್ಲಿ ನಮ್ಮ ಮಕ್ಕಳು ಪಡೆಯುವ 'ತಾಲೀಮ್' ಕೂಡಾ ಇದೇ. ಗರಡಿಯಲ್ಲಿ ಪಟ್ಟು ಹೇಳಿಕೊಡುವವರು 'ವಸ್ತಾದ್', ಮದ್ರಸದಲ್ಲಿ ಪಾಠ ಹೇಳಿಕೊಡುವವರು 'ಉಸ್ತಾದ್'. ಎರಡೂ ಒಂದೇ ಪದ. ಕುಸ್ತಿ ಮತ್ತು ಪೈಲ್ವಾನ್ ಎಂಬ ಪದಗಳು ಪಾರ್ಸಿಯಿಂದ ಬಂದವು. ಕನ್ನಡಿಗರೂ ಮರಾಠಿಗರೂ ಇಂದಿಗೂ ಈ ಪದಗಳನ್ನು ತಮ್ಮದೆಂದೇ ಆಡುತ್ತಾರೆ. ಅಕ್ಷರ ಕಲಿಸುವ ಮನೆಗೂ ಮೈ ಹುರಿಗೊಳಿಸುವ ಮನೆಗೂ ನಮ್ಮ ಹಿರಿಯರು ಒಂದೇ ಹೆಸರು ಇಟ್ಟುಕೊಂಡಿದ್ದರು ಎಂಬುದನ್ನು ನಾವೇ ಮರೆತಿದ್ದೇವೆ.

ಪಕ್ಕದ ಕೊಲ್ಲಾಪುರದ ಶಾಹೂ ಮಹಾರಾಜರು ಇದನ್ನು ಅರಿತಿದ್ದರು. ಮುಸ್ಲಿಮ್ ವಿದ್ಯಾರ್ಥಿಗಳ ಶಿಕ್ಷಣಕ್ಕೆಂದು 1906ರಲ್ಲಿ ಸಂಸ್ಥೆಯೊಂದನ್ನು ಕಟ್ಟಲು ನೆರವಾದ ಅದೇ ದೊರೆ, 1912ರಲ್ಲಿ ಖಾಸಬಾಗ್ ಕುಸ್ತಿ ಮೈದಾನವನ್ನು ನಿರ್ಮಿಸಿದರು. ಜಾತಿ ಧರ್ಮ ಕೇಳದೆ ಮಲ್ಲರನ್ನು ಪೋಷಿಸಿದರು. ಆ ಕಾಲದ ಮಹಾಮಲ್ಲ ಗುಲಾಮ್ ಮುಹಮ್ಮದ್, ಅಂದರೆ ಗಾಮಾ ಪೈಲ್ವಾನ್. 1928ರಲ್ಲಿ ಪಟಿಯಾಲದಲ್ಲಿ ಪೋಲೆಂಡಿನ ಝಬಿಸ್ಕೊ ಎಂಬ ಜಗಜಟ್ಟಿಯನ್ನು ಅವರು ಒಂದು ನಿಮಿಷದೊಳಗೆ ಚಿತ್ ಮಾಡಿದ್ದು ಕುಸ್ತಿಪ್ರಿಯರ ಬಾಯಲ್ಲಿ ಇಂದಿಗೂ ಇದೆ. ಆದರೆ ಅವರ ಬಗ್ಗೆ ಹೇಳಲಾಗುವ ಇನ್ನೊಂದು ಸಂಗತಿ ಅದಕ್ಕಿಂತ ದೊಡ್ಡದು. ದೇಶ ವಿಭಜನೆಯ ದಿನಗಳಲ್ಲಿ ಲಾಹೋರಿನ ತಮ್ಮ ಬೀದಿಯ ಹಿಂದೂ ಕುಟುಂಬಗಳ ಮೇಲೆ ಗುಂಪು ಏರಿ ಬಂದಾಗ ಗಾಮಾ ತಮ್ಮ ಶಿಷ್ಯರೊಂದಿಗೆ ಎದುರು ನಿಂತರೆಂದು ಅವರ ಕುರಿತ ಬರಹಗಳು ಹೇಳುತ್ತವೆ. ತೋಳಿನ ಬಲ ಯಾರಿಗಾಗಿ ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕೇ?

ಇಸ್ಲಾಮ್ ದುರ್ಬಲ ದೇಹವನ್ನು ಧರ್ಮನಿಷ್ಠೆಯ ಲಕ್ಷಣವೆಂದು ಎಂದೂ ಹೇಳಿಲ್ಲ. ದುರ್ಬಲ ವಿಶ್ವಾಸಿಗಿಂತ ಬಲಿಷ್ಠ ವಿಶ್ವಾಸಿ ಅಲ್ಲಾಹನಿಗೆ ಹೆಚ್ಚು ಪ್ರಿಯನೆಂದು ಪ್ರವಾದಿ(ಸ) ತಿಳಿಸಿದರು. ಮದೀನಾದ ಮಸೀದಿಯಲ್ಲಿ ಅಬಿಸೀನಿಯದ ಜನರು ಈಟಿ ಹಿಡಿದು ತಮ್ಮ ಕಲೆಯನ್ನು ಪ್ರದರ್ಶಿಸಿದಾಗ ಪ್ರವಾದಿ(ಸ) ಅದನ್ನು ತಡೆಯಲಿಲ್ಲ. ಪತ್ನಿ ಆಇಶಾ(ರ) ಅದನ್ನು ಮನದಣಿಯೆ ನೋಡುವವರೆಗೂ ಜೊತೆಯಲ್ಲಿ ನಿಂತರು. ಉಹುದ್ ಯುದ್ಧದ ಸಂದರ್ಭದ ಒಂದು ಘಟನೆಯನ್ನು ಚರಿತ್ರೆಕಾರರು ದಾಖಲಿಸಿದ್ದಾರೆ. ರಾಫಿಅ್(ರ) ಎಂಬ ಹದಿಹರೆಯದ ಹುಡುಗ ಬಿಲ್ಲುಗಾರಿಕೆ ಬಲ್ಲವನೆಂದು ಪಡೆಗೆ ಸೇರಲು ಅನುಮತಿ ಸಿಕ್ಕಿತು. ವಯಸ್ಸು ಸಾಲದೆಂದು ಹಿಂದಿರುಗಿಸಲ್ಪಟ್ಟ ಸಮುರ(ರ) ಎಂಬ ಹುಡುಗ, ತಾನು ರಾಫಿಅ್‌ನನ್ನು ಕುಸ್ತಿಯಲ್ಲಿ ಕೆಡವಬಲ್ಲೆನೆಂದು ಹೇಳಿದ. ಇಬ್ಬರಿಗೂ ಕುಸ್ತಿ ಏರ್ಪಟ್ಟಿತು. ಸಮುರ ಗೆದ್ದ, ಅನುಮತಿಯೂ ಸಿಕ್ಕಿತು. ಅದೇ ದಿನ ಹದಿನಾಲ್ಕು ವರ್ಷದ ಅಬ್ದುಲ್ಲಾ ಬಿನ್ ಉಮರ್(ರ) ಅವರನ್ನು ಎಳೆಯ ವಯಸ್ಸೆಂದು ಮನೆಗೆ ಕಳುಹಿಸಲಾಯಿತು. ಹದಿಹರೆಯದವರ ಉತ್ಸಾಹವನ್ನು ಗೌರವಿಸುವುದು, ಜೊತೆಗೇ ಅದಕ್ಕೊಂದು ಮಿತಿ ಹಾಕುವುದು. ಹೆತ್ತವರಿಗೆ ಈ ಎರಡೂ ಬೇಕು.

ಆದರೆ ಈ ಎಲ್ಲವುಗಳಿಗಿಂತ ಮುಖ್ಯವಾದುದು ಇನ್ನೊಂದು ಹದೀಸ್. ಕುಸ್ತಿಯಲ್ಲಿ ಎದುರಾಳಿಯನ್ನು ಕೆಡವುವವನು ಶೂರನಲ್ಲ, ಸಿಟ್ಟು ಬಂದಾಗ ತನ್ನನ್ನು ತಾನು ನಿಯಂತ್ರಿಸಿಕೊಳ್ಳುವವನೇ ಶೂರ ಎಂಬುದು ಅದರ ಆಶಯ. ಸಮರ ಕಲೆಗಳ ತಿರುಳು ಇದೇ. ಜೂಡೊ ತರಗತಿಯಲ್ಲಿ ಮೊದಲ ಪಾಠ ಎದುರಾಳಿಯನ್ನು ಎತ್ತಿ ಹಾಕುವುದಲ್ಲ, ಗಾಯವಾಗದಂತೆ ಬೀಳುವುದು. ಬೀಳುವುದನ್ನು ಕಲಿತ ಹುಡುಗ ಪರೀಕ್ಷೆಯಲ್ಲಿ ನಪಾಸಾದರೂ ಮನೆ ಬಿಟ್ಟು ಓಡುವುದಿಲ್ಲ. ಗರಡಿಗೆ ಹೊಸದಾಗಿ ಬಂದವನಿಗೆ ಪಟ್ಟು ಹೇಳಿಕೊಡುವ ಮೊದಲು ಮಣ್ಣು ಅಗೆಯಲು, ದಂಡ-ಬೈಠಕ್ ಹೊಡೆಯಲು ಹೇಳುತ್ತಾರೆ. ತಿಂಗಳುಗಟ್ಟಲೆ ಕಾಯಬೇಕು. ಬೆರಳ ತುದಿಯಲ್ಲಿ ಎಲ್ಲವೂ ಕ್ಷಣದಲ್ಲಿ ಸಿಗಬೇಕೆನ್ನುವ ಪೀಳಿಗೆಗೆ ಈ ಕಾಯುವಿಕೆಯೇ ದೊಡ್ಡ ಪಾಠ. ನಸುಕಿನಲ್ಲಿ ಏಳಬೇಕಾದವನು ರಾತ್ರಿ ಬೇಗ ಮಲಗಲೇಬೇಕು. ಸಿಗರೇಟು ಸೇದಿದವನಿಗೆ ಅಖಾಡದಲ್ಲಿ ಉಸಿರು ಸಾಲುವುದಿಲ್ಲ. ತಂದೆಯ ನೂರು ಉಪದೇಶಗಳು ಮಾಡಲಾಗದ್ದನ್ನು ಒಂದು ಅಖಾಡ ಮಾಡಿಬಿಡುತ್ತದೆ.

1954ರಲ್ಲಿ ಅಮೆರಿಕದ ಲೂಯಿವಿಲ್ ನಗರದಲ್ಲಿ ಹನ್ನೆರಡರ ಬಾಲಕನೊಬ್ಬನ ಸೈಕಲ್ ಕಳುವಾಯಿತು. ಕದ್ದವನಿಗೆ ಹೊಡೆಯುವೆನೆಂದು ಸಿಟ್ಟಿನಿಂದ ಕೂಗಾಡುತ್ತಿದ್ದ ಆ ಹುಡುಗನಿಗೆ ಜೋ ಮಾರ್ಟಿನ್ ಎಂಬ ಪೊಲೀಸ್ ಅಧಿಕಾರಿ, ಹೊಡೆಯುವ ಮೊದಲು ಹೊಡೆದಾಡುವುದನ್ನು ಕಲಿ ಎಂದು ಬುದ್ಧಿ ಹೇಳಿ ತನ್ನ ಬಾಕ್ಸಿಂಗ್ ಶಾಲೆಗೆ ಕರೆದೊಯ್ದರು. ಆ ಹುಡುಗನೇ ಮುಂದೆ ಮುಹಮ್ಮದ್ ಅಲಿಯಾದರು. ಬೀದಿ ಜಗಳದಲ್ಲಿ ಮುಗಿಯಬಹುದಾಗಿದ್ದ ಸಿಟ್ಟನ್ನು ಶಿಸ್ತು ಎಲ್ಲಿಗೆ ತಲುಪಿಸಿತು ನೋಡಿ. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ನಮ್ಮ ಹುಡುಗರ ಮೊಬೈಲುಗಳಲ್ಲಿ ರಾರಾಜಿಸುವ ದಾಗೆಸ್ತಾನದ ಖಬೀಬ್ ನುರ್ಮಗೊಮೆದೊವ್ 2018ರ ಅಕ್ಟೋಬರ್‌ನಲ್ಲಿ ತನ್ನ ಪ್ರಮುಖ ಪಂದ್ಯವನ್ನು ಗೆದ್ದರು. ಆದರೆ ಗೆದ್ದ ಮರುಕ್ಷಣ ಬೇಲಿ ಹಾರಿ ಎದುರಾಳಿಯ ತಂಡದ ಮೇಲೆ ಎರಗಿದರು. ಒಂಬತ್ತು ತಿಂಗಳ ನಿಷೇಧ ಮತ್ತು ಐದು ಲಕ್ಷ ಡಾಲರ್ ದಂಡ ತೆರಬೇಕಾಯಿತು. ಎದುರಾಳಿಯನ್ನು ಗೆಲ್ಲುವುದು ಸುಲಭ, ಸಿಟ್ಟನ್ನು ಗೆಲ್ಲುವುದು ಕಷ್ಟ ಎಂಬುದನ್ನು ಮಕ್ಕಳಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು.

ಹೆಣ್ಣುಮಕ್ಕಳ ವಿಷಯ ಬಂದಾಗ ನಮ್ಮಲ್ಲಿ ಮಾತು ನಿಂತುಬಿಡುತ್ತದೆ. ಬೆಳಗಾವಿ ಸಮೀಪದ ತುರಮುರಿಯ ರೈತನ ಮಗಳು ಮಲಪ್ರಭಾ ಜಾಧವ್ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚಿನ ಪದಕ ಗೆದ್ದರು. ಗೆದ್ದದ್ದು 'ಕುರಾಶ್' ಎಂಬ ಕ್ರೀಡೆಯಲ್ಲಿ. ಇದು ಉಜ್ಬೇಕಿಸ್ತಾನದ, ಇಮಾಮ್ ಬುಖಾರಿಯವರು ಹುಟ್ಟಿದ ನಾಡಿನ ಸಾಂಪ್ರದಾಯಿಕ ಕುಸ್ತಿ. ಸೊಂಟದ ಕೆಳಗೆ ಹಿಡಿಯುವಂತಿಲ್ಲ, ನೆಲಕ್ಕೆ ಬಿದ್ದವರ ಮೇಲೆ ಹೋರಾಟ ಮುಂದುವರಿಸುವಂತಿಲ್ಲ. ಮುಸ್ಲಿಮ್ ನಾಡಿನ ಕಲೆಯನ್ನು ಕಲಿತು ಬೆಳಗಾವಿಯ ಹಳ್ಳಿಯ ಹುಡುಗಿ ಏಷ್ಯಾದ ಪದಕ ತಂದಳು. ನಾವೋ, ನಮ್ಮ ಹೆಣ್ಣುಮಕ್ಕಳು ಕಾಲೇಜಿನ ದಾರಿಯಲ್ಲಿ ಪುಂಡರ ಕಾಟ ತಾಳಲಾರದೆ ಓದು ಬಿಟ್ಟರೂ ಅದನ್ನೇ ಸುರಕ್ಷತೆಯೆಂದು ಭಾವಿಸುತ್ತೇವೆ. ಮಹಿಳಾ ತರಬೇತುದಾರರು, ಪ್ರತ್ಯೇಕ ಸಮಯ, ಮೈಮುಚ್ಚುವ ಉಡುಪು, ಇವಿಷ್ಟನ್ನು ಒದಗಿಸಿದರೆ ಆಕ್ಷೇಪಕ್ಕೆ ಏನು ಉಳಿಯುತ್ತದೆ? ಉಹುದ್‌ನಲ್ಲಿ ಪ್ರವಾದಿಯವರ(ಸ) ರಕ್ಷಣೆಗೆ ಖಡ್ಗ ಹಿಡಿದು ನಿಂತ ಉಮ್ಮು ಉಮಾರ(ರ) ನಮ್ಮ ಮಕ್ಕಳ ಪಾಲಿಗೆ ಕೇವಲ ಭಾಷಣದ ವಸ್ತುವಾಗಬೇಕೇ?

ಇನ್ನು, ಹೆತ್ತವರು ಬಾಯಿಬಿಟ್ಟು ಹೇಳದ ಒಂದು ಭಯವಿದೆ. ಮುಸ್ಲಿಮ್ ಹುಡುಗರು ಹತ್ತು ಮಂದಿ ಸೇರಿ ಕರಾಟೆ ಕಲಿತರೆ ನೋಡುವ ಕಣ್ಣುಗಳು ಬೇರೆಯಾಗುತ್ತವೆ ಎಂಬ ಭಯ. ಇದು ಆಧಾರವಿಲ್ಲದ ಭಯವಲ್ಲ. 2022ರ ಮೇ ತಿಂಗಳಲ್ಲಿ ತೆಲಂಗಾಣದ ನಿಝಾಮಾಬಾದ್‌ನ ನಿಖತ್ ಝರೀನ್ ಇಸ್ತಾಂಬುಲ್‌ನಲ್ಲಿ ವಿಶ್ವ ಬಾಕ್ಸಿಂಗ್ ಚಾಂಪಿಯನ್ ಆದಾಗ ಇಡೀ ದೇಶ ಸಂಭ್ರಮಿಸಿತು. ಎರಡೇ ತಿಂಗಳಲ್ಲಿ ಅದೇ ಊರು ಬೇರೆ ಕಾರಣಕ್ಕೆ ಸುದ್ದಿಯಾಯಿತು. ಕರಾಟೆಯ ಹೆಸರಲ್ಲಿ ಪಿಎಫ್ಐ ಹಿಂಸೆಯ ತರಬೇತಿ ನೀಡುತ್ತಿತ್ತು ಎಂಬ ಆರೋಪದಲ್ಲಿ ಅಲ್ಲಿ ಮೊಕದ್ದಮೆ ದಾಖಲಾಯಿತು. ಸೆಪ್ಟೆಂಬರ್‌ನಲ್ಲಿ ಆ ಸಂಘಟನೆಯನ್ನು ಐದು ವರ್ಷಗಳ ಅವಧಿಗೆ ನಿಷೇಧಿಸಲಾಯಿತು. ಆರೋಪ ನಿಜವೋ ಸುಳ್ಳೋ ಎಂಬುದನ್ನು ತೀರ್ಮಾನಿಸಬೇಕಾದುದು ನ್ಯಾಯಾಲಯ. ಆದರೆ ಅದೇ ಮೇ ತಿಂಗಳಲ್ಲಿ ಕೊಡಗಿನ ಪೊನ್ನಂಪೇಟೆಯ ಶಾಲೆಯೊಂದರ ಆವರಣದಲ್ಲಿ ಬಜರಂಗ ದಳದ ಶಿಬಿರ ನಡೆದು, ಏರ್‌ಗನ್ ತರಬೇತಿ ಮತ್ತು ತ್ರಿಶೂಲ ದೀಕ್ಷೆಯ ಚಿತ್ರಗಳು ಹೊರಬಂದಾಗ ಅದನ್ನು ಆತ್ಮರಕ್ಷಣೆಯೆಂದು ಸಮರ್ಥಿಸಿದವರಿಗೆ ಕೊರತೆಯಿರಲಿಲ್ಲ. ಒಬ್ಬರ ಕರಾಟೆ ಭಯೋತ್ಪಾದನೆ, ಇನ್ನೊಬ್ಬರ ಬಂದೂಕು ದೇಶಸೇವೆ ಎಂಬ ಎರಡು ಅಳತೆಗೋಲುಗಳನ್ನು ವಿರೋಧಿಸಲೇಬೇಕು.

ವಿರೋಧಿಸುವ ಜೊತೆಗೇ ನಾವು ನಮ್ಮೊಳಗೆ ಒಂದು ವಿಚಾರದಲ್ಲಿ ಸ್ಪಷ್ಟವಾಗಿರಬೇಕು. ಯಾರ ಮೇಲೋ ಸೇಡು ತೀರಿಸಲೆಂದು, ಯಾವುದೋ ಸಂಘಟನೆಯ ಬಾಗಿಲು ಮುಚ್ಚಿದ ಕೋಣೆಯಲ್ಲಿ ಕಲಿಸಲಾಗುವ ವಿದ್ಯೆ ನಮ್ಮ ಮಕ್ಕಳಿಗೆ ಬೇಡ. ಅಂಥದ್ದು ಕೇಸರಿ ಬಣ್ಣದ್ದಾಗಲಿ, ಹಸಿರು ಬಣ್ಣದ್ದಾಗಲಿ, ಕೊನೆಗೆ ಹಾಳು ಮಾಡುವುದು ಬಡವರ ಮನೆಯ ಹುಡುಗರನ್ನೇ. ನಾಯಕರು ಜಾಮೀನು ಪಡೆಯುತ್ತಾರೆ, ಹುಡುಗರು ಜೈಲಿನಲ್ಲಿ ಯೌವನ ಕಳೆಯುತ್ತಾರೆ. ಆದ್ದರಿಂದ ನಮ್ಮ ಮಕ್ಕಳ ತಾಲೀಮು ತೆರೆದ ಮೈದಾನದಲ್ಲಿ ನಡೆಯಲಿ. ಹಿಂದೂ, ಜೈನ, ಕ್ರೈಸ್ತ ಮಕ್ಕಳ ಜೊತೆಯಲ್ಲಿ ನಡೆಯಲಿ. ಅಖಾಡದಲ್ಲಿ ನೆರೆಯವನ ಮಗನ ಕೈ ಹಿಡಿದು, ಬಿದ್ದಾಗ ಎತ್ತಿದ ಹುಡುಗ ನಾಳೆ ಊರಿಗೆ ಬೆಂಕಿ ಬಿದ್ದಾಗ ಅದೇ ಕೈಗೆ ಕಲ್ಲು ಎತ್ತಿಕೊಳ್ಳಲಾರ. ಭಾಷೆ ಮತ್ತು ಧರ್ಮದ ಹೆಸರಲ್ಲಿ ಮತ್ತೆ ಮತ್ತೆ ಬಿಸಿಯಾಗುವ ಬೆಳಗಾವಿಯಂಥ ಗಡಿನಗರಕ್ಕೆ ಇದರ ಅಗತ್ಯ ಎಲ್ಲರಿಗಿಂತ ಹೆಚ್ಚು.

ಕೆಲವು ಗರಡಿಗಳಲ್ಲಿ ಹನುಮಂತನ ಚಿತ್ರವಿದೆ, ಕರಾಟೆ ತರಗತಿಗಳಲ್ಲಿ ತಲೆಬಾಗುವ ಕ್ರಮವಿದೆ ಎಂದು ಸಂಕೋಚಪಡುವವರಿದ್ದಾರೆ. ತನ್ನ ನಂಬಿಕೆಯನ್ನು ಬಿಡದೆ, ಇನ್ನೊಬ್ಬರ ನಂಬಿಕೆಯನ್ನು ಅವಮಾನಿಸದೆ ಇರಲು ಸಾಧ್ಯವೆಂಬುದನ್ನು ತಲೆಮಾರುಗಳ ಮುಸ್ಲಿಮ್ ಪೈಲ್ವಾನರು ಬದುಕಿ ತೋರಿಸಿದ್ದಾರೆ. ವಸ್ತಾದರಲ್ಲಿ ವಿನಯದಿಂದ ಮಾತಾಡಿದರೆ ಪರಿಹಾರ ಸಿಗುತ್ತದೆ. ಇನ್ನು, ಮುಖಕ್ಕೆ ಹೊಡೆಯುವುದನ್ನು ಪ್ರವಾದಿ(ಸ) ವಿರೋಧಿಸಿದ್ದಾರೆ. ಬೆಳೆಯುವ ವಯಸ್ಸಿನಲ್ಲಿ ತಲೆಗೆ ಬೀಳುವ ಪೆಟ್ಟು ಅಪಾಯಕಾರಿಯೆಂದು ವೈದ್ಯರೂ ಎಚ್ಚರಿಸುತ್ತಾರೆ. ಆದ್ದರಿಂದ ಬಾಕ್ಸಿಂಗ್‌ಗಿಂತ ಕುಸ್ತಿ, ಜೂಡೊಗಳಂತಹ ಕಲೆಗಳನ್ನು ಆಯ್ದುಕೊಳ್ಳುವುದು ಮೇಲು.

ಹೆತ್ತವರಿಗೂ ಒಂದು ಮಾತು. ಹಣ ಕಟ್ಟಿಸಿಕೊಂಡು ಮೂರು ತಿಂಗಳಿಗೊಂದು ಬಣ್ಣದ ಬೆಲ್ಟ್ ಮಾರುವವರೂ ಇದ್ದಾರೆ. ತರಬೇತುದಾರ ಯಾರು, ಎಲ್ಲಿ ಕಲಿತವರು, ಅವರ ಶಿಷ್ಯರ ನಡತೆ ಹೇಗಿದೆ ಎಂದು ವಿಚಾರಿಸಿ. ಹೆತ್ತವರು ಬಂದು ಕುಳಿತು ನೋಡಲು ಬಿಡದ ತರಗತಿಗೆ ಮಕ್ಕಳನ್ನು ಕಳುಹಿಸಲೇಬೇಡಿ. ಕ್ರೀಡಾ ಇಲಾಖೆಯ ವಸತಿ ನಿಲಯಗಳಿಗೆ ಪ್ರತಿ ವರ್ಷ ಮಕ್ಕಳನ್ನು ಆಯ್ದುಕೊಳ್ಳಲಾಗುತ್ತದೆ. ಸರಕಾರಿ ಶಾಲೆಯ ಹುಡುಗಿಯರಿಗೆ ಸಮಗ್ರ ಶಿಕ್ಷಾ ಯೋಜನೆಯಡಿ ಆತ್ಮರಕ್ಷಣೆಯ ತರಬೇತಿಗೆ ಅವಕಾಶವಿದೆ. ಅದು ನಿಮ್ಮ ಮಗಳ ಶಾಲೆಯಲ್ಲಿ ನಡೆಯುತ್ತಿದೆಯೇ ಎಂದು ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಕೇಳಿ. ಕೇಳದವರಿಗೆ ಸವಲತ್ತು ತಾನಾಗಿ ಬಂದು ಬಾಗಿಲು ತಟ್ಟುವುದಿಲ್ಲ.

ನಮ್ಮ ಜಮಾಅತ್‌ಗಳು ಮಸೀದಿಯ ಮಿನಾರ ಎತ್ತರಿಸಲು, ಕಮಾನು ಕಟ್ಟಲು ಲಕ್ಷಗಟ್ಟಲೆ ಸಂಗ್ರಹಿಸುತ್ತವೆ. ಅದರ ಒಂದು ಪಾಲನ್ನು ಊರಿನ ಮೈದಾನಕ್ಕೆ, ಬಡ ಹುಡುಗನೊಬ್ಬನ ಹಾಲು-ಬಾದಾಮಿಗೆ, ಹುಡುಗಿಯರಿಗೆ ಕಲಿಸುವ ಶಿಕ್ಷಕಿಯೊಬ್ಬಳ ಸಂಬಳಕ್ಕೆ ಎತ್ತಿಡಲಾಗದೇ? ಮೊಹಲ್ಲಾದ ಹತ್ತು ಮಕ್ಕಳು ಫಜ್ರ್ ನಮಾಝ್ ಮುಗಿಸಿ ನೇರವಾಗಿ ತಾಲೀಮಿಗೆ ನಡೆದರೆ ಸಾಕು, ರಾತ್ರಿಯ ಕಟ್ಟೆಗಳು ತಾವಾಗಿಯೇ ಖಾಲಿಯಾಗುತ್ತವೆ. ಸಮುದಾಯಕ್ಕೆ ಇಂದು ಬೇಕಾಗಿರುವುದು ಮುಷ್ಟಿ ಬಿಗಿಯುವ ಯುವಕರಲ್ಲ. ಮುಷ್ಟಿಯಲ್ಲಿ ಬಲವಿದ್ದೂ ಅದನ್ನು ಬಿಚ್ಚಿ ನೆರೆಯವನತ್ತ ಚಾಚಬಲ್ಲ ಯುವಕರು.