ಜರ್ಮನರ ಭಾನುವಾರ

ಜರ್ಮನರ ಮಾತು ಬಂದೊಡನೆಯೇ ನಮ್ಮ ಸುಶಿಕ್ಷಿತ ಮನೆಗಳಲ್ಲಿ ಅವರ ದುಡಿಮೆಯ ಸ್ತೋತ್ರವು ಮೊದಲಾಗುತ್ತದೆ. 2023ರಲ್ಲಿ ಇನ್ಫೋಸಿಸ್ಸಿನ ಶ್ರೀ ನಾರಾಯಣ ಮೂರ್ತಿಯವರು, ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಹೇಳಿ, ಎರಡನೆಯ ಮಹಾಯುದ್ಧಾನಂತರದ ಜರ್ಮನರನ್ನೂ ಜಪಾನೀಯರನ್ನೂ ಮೇಲ್ಪಂಕ್ತಿಯಾಗಿ ತೋರಿಸಿದರು. ಅಂದಿನಿಂದ ಆ ಸ್ತೋತ್ರಕ್ಕೆ ಶ್ರುತಿಪ್ರಮಾಣವೇ ದೊರೆತಂತಾಗಿದೆ. ಜಪಾನಿನ ವಿಚಾರವನ್ನು ಬಲ್ಲವರು ಹೇಳಲಿ. ಜರ್ಮನಿಯ ಮಟ್ಟಿಗೆ ಈ ದೃಷ್ಟಾಂತವು ನಿಲ್ಲಲಾರದು.

ಯುದ್ಧದಲ್ಲಿ ಹಾಳಾದ ಊರುಗಳನ್ನು ಅವರು ಮೈಮುರಿದು ಕಟ್ಟಿದುದು ದಿಟ. ಆಗ ವಾರಕ್ಕೆ ಆರು ದಿನ, 48 ಗಂಟೆ ಕೆಲಸವು ಸಾಮಾನ್ಯವಾಗಿದ್ದಿತು. ಆದರೆ ಸಿರಿಯು ಏರುತ್ತಿದ್ದ ಆ ಕಾಲದಲ್ಲಿಯೇ ಅವರು ಬೇಡಿದುದೇನು? 1956ರ ಮೇ 1ರಂದು ಪಶ್ಚಿಮ ಜರ್ಮನಿಯ ಕಾರ್ಮಿಕ ಸಂಘಗಳು ಹೊರಡಿಸಿದ ಭಿತ್ತಿಚಿತ್ರದಲ್ಲಿ ಒಂದು ಮಗುವು, ಶನಿವಾರ ಅಪ್ಪ ತನಗೇ ಸೇರಬೇಕೆಂದು ಹಟ ಹಿಡಿದಿದೆ. ಅದೇ ವರ್ಷ ಲೋಹೋದ್ಯಮದಲ್ಲಿ ವಾರದ ದುಡಿಮೆಯು 45 ಗಂಟೆಗಳಿಗೆ ಇಳಿಯಿತು, 1967ರಲ್ಲಿ 40ಕ್ಕೆ. ಇದರಿಂದ ದೇಶವು ಬಡವಾಯಿತೆ?

ಅವರ ಭಾನುವಾರವನ್ನಂತೂ ನಮ್ಮ ಸ್ತೋತ್ರಕಾರರು ಕಂಡೇ ಇಲ್ಲ. 1919ರ ವೈಮಾರ್ ರಾಜ್ಯಾಂಗವು ಆ ದಿನವನ್ನು ವಿಶ್ರಾಂತಿಗೂ ಮನಸ್ಸಿನ ಉನ್ನತಿಗೂ ಮೀಸಲಿಟ್ಟಿತು. 1949ರ ಮೂಲಶಾಸನವು ಆ ವಿಧಿಯನ್ನು ಹಾಗೆಯೇ ಉಳಿಸಿಕೊಂಡಿತು. ಅಂಗಡಿಗಳು ಬಹುಮಟ್ಟಿಗೆ ಮುಚ್ಚಿರುತ್ತವೆ. ವಸತಿಯ ಬೀದಿಗಳಲ್ಲಿ ಹುಲ್ಲು ಕತ್ತರಿಸುವ ಯಂತ್ರವನ್ನು ಓಡಿಸಕೂಡದು. ಬರಿದಾದ ಸೀಸೆಗಳನ್ನು ತೊಟ್ಟಿಗೆ ಎಸೆದರೂ ನೆರೆಯವರು ಹುಬ್ಬು ಗಂಟಿಕ್ಕುವರು. ಶನಿವಾರ ಹಾಲು ಕೊಳ್ಳಲು ಮರೆತ ಪರದೇಶಿಗೆ ಇದು ನಮ್ಮ ಮಡಿಯಂತೆಯೇ ಕಾಣುವುದು. ಮಡಿಯೇ ಸರಿ! ಚರ್ಚಿನ ಬಾಗಿಲು ತುಳಿಯದವರೂ ಇದನ್ನು ಪಾಲಿಸುತ್ತಾರೆ. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳಲ್ಲಿಯೂ ಅಂಗಡಿ ತೆರೆಯಬಹುದೆಂದು ಬರ್ಲಿನ್ ಸರಕಾರವು ಮಾಡಿದ್ದ ಕಾನೂನನ್ನು ಅಲ್ಲಿಯ ರಾಜ್ಯಾಂಗ ನ್ಯಾಯಾಲಯವು 2009ರಲ್ಲಿ ತಳ್ಳಿಹಾಕಿತು. ವರ್ತಕನ ಲಾಭವಾಗಲಿ ಗಿರಾಕಿಯ ಕೊಳ್ಳುವ ಚಪಲವಾಗಲಿ ಅದಕ್ಕೆ ಸಾಲದೆಂಬುದೇ ತೀರ್ಪಿನ ತಿರುಳು.

ಈ ಆಚಾರದಲ್ಲಿ ಕಿರುಕುಳವಿಲ್ಲವೆಂದಲ್ಲ. ನೆರೆಯವರ ಮೇಲೆ ಕಣ್ಣಿಡುವ ಚಟವೂ ಅದರ ನೆರಳಿನಲ್ಲಿಯೇ ಬೆಳೆದಿದೆ. ಆದರೂ ಅಂಗಡಿಯಲ್ಲಿ ದಿನವೆಲ್ಲ ನಿಲ್ಲುವ ಹೆಂಗಸಿಗೂ ಅದರ ಒಡೆಯನಿಗೂ ಒಂದೇ ದಿನ ಬಿಡುವು ದೊರೆಯುವುದು ಸಣ್ಣ ಮಾತೆ? ದಿನದ ಕೆಲಸ ತೀರಿದ ಹೊತ್ತಿಗೆ ಅವರ ನುಡಿಯಲ್ಲಿ ಫಾಯರ್‌ಆಬೆಂಡ್ ಎಂದು ಹೆಸರು. ಹಬ್ಬದ ಸಂಜೆ ಎಂದು ಅದರ ಅಕ್ಷರಾರ್ಥ.

1994ರ ಅವರ ಶ್ರಮಕಾಲದ ಕಾನೂನು ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವೆ ಸಾಮಾನ್ಯವಾಗಿ 11 ಗಂಟೆಗಳ ಬಿಡುವನ್ನು ವಿಧಿಸುತ್ತದೆ. ಅಂದರೆ ರಾತ್ರಿ ಹತ್ತಕ್ಕೆ ಕೆಲಸ ಬಿಟ್ಟವನನ್ನು ಬೆಳಗಿನ ಒಂಬತ್ತಕ್ಕೆ ಮುನ್ನ ಕರೆಯಕೂಡದು. ಜರ್ಮನರನ್ನು ಹೊಗಳುವ ನಮ್ಮ ಬೆಂಗಳೂರಿನ ಯಜಮಾನರು ಈ ಜರ್ಮನ್ ಪದ್ಧತಿಯನ್ನು ಯಾವ ತಿಂಗಳಿನಿಂದ ತಮ್ಮ ಕಚೇರಿಗಳಲ್ಲಿ ಆರಂಭಿಸುವರು?