ರಕ್ತದ ಗುಂಪು ಹೊಂದಿದರೆ ಸಾಲದು

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ ಉಮದಿ, ಸಂಖ ಮೊದಲಾದ ಊರುಗಳ ಮನೆಮಾತು ಕನ್ನಡ. ಅಲ್ಲಿ ಕಿಡ್ನಿ ಕೆಟ್ಟವರು ಚಿಕಿತ್ಸೆಗೆಂದು ಸಾಂಗ್ಲಿ, ಮಿರಜದ ಕಡೆ ಹೋದರೆ ಕೇಳುವ ಪ್ರಶ್ನೆ ಮರಾಠಿಯಲ್ಲಿ. ಮಲಯಾಳದ ಚೀಟಿ ಹಿಡಿದು ಅಲೆದಿರುವ ಕಾಸರಗೋಡಿನ ಕನ್ನಡಿಗರಿಗೆ ಈ ಪಾಡನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಕಿಡ್ನಿ ಕಸಿಯ ವಿಷಯದಲ್ಲಿ ಅರೆಬರೆ ಉತ್ತರವೊಂದು ಜೀವಕ್ಕೇ ಸಂಚಕಾರ ತಂದೀತು.

ರಕ್ತದ ಗುಂಪು ಹೊಂದಿತು, ಮಗ ಕೊಡಲು ಸಿದ್ಧನಿದ್ದಾನೆ, ಇನ್ನೇನು ತಡ ಎಂದು ಮನೆಯವರು ಭಾವಿಸುವುದು ಸಹಜ. ಆದರೆ ರೋಗಿಯ ರಕ್ತದಲ್ಲಿ ಆ ಮಗನ ಜೀವಕಣಗಳಿಗೆ ವಿರುದ್ಧವಾದ ಪ್ರತಿಕಾಯಗಳು ಮೊದಲೇ ಇರಬಹುದು. ಅವು ಹುಟ್ಟುವುದು ಮುಖ್ಯವಾಗಿ ಮೂರು ಕಾರಣಗಳಿಂದ: ಬಸಿರು, ಬೇರೆಯವರ ರಕ್ತ ಏರಿಸಿಕೊಂಡದ್ದು, ಹಿಂದೆ ಆದ ಕಸಿ. ಮಗುವಿನ ಅಂಗಾಂಶದ ಗುರುತಿನಲ್ಲಿ ಅರ್ಧ ತಂದೆಯದು; ಅದನ್ನು ಪರಕೀಯವೆಂದು ತಾಯಿಯ ದೇಹ ಗುರುತಿಟ್ಟುಕೊಳ್ಳಬಹುದು. ಹೆತ್ತ ತಾಯಿಗೆ ಗಂಡನ ಅಥವಾ ಮಗನ ಕಿಡ್ನಿಯೇ ಒಗ್ಗದೆ ಹೋಗುವ ವಿಪರ್ಯಾಸ ಇಲ್ಲಿಂದ ಬರುತ್ತದೆ.

ಅಮೆರಿಕದ ಪಟೇಲ್ ಮತ್ತು ತೆರಸಾಕಿ ಎಂಬ ವಿಜ್ಞಾನಿಗಳು 1969ರಲ್ಲಿ ಪ್ರಕಟಿಸಿದ ಲೆಕ್ಕ ಇಂದಿಗೂ ಮನನೀಯ. ದಾನಿಯ ಕಣಗಳಿಗೆ ರೋಗಿಯ ರಕ್ತದ್ರವ ಬೆರೆಸಿ ನೋಡುವ 'ಕ್ರಾಸ್‌ಮ್ಯಾಚ್' ಪರೀಕ್ಷೆಯಲ್ಲಿ ವಿರೋಧ ಕಂಡಿದ್ದ 30 ಕಸಿಗಳಲ್ಲಿ 24 ಕೂಡಲೇ ಕೆಟ್ಟಿದ್ದವು. ವಿರೋಧ ಕಾಣದಿದ್ದ 195ರಲ್ಲಿ ಹಾಗಾದದ್ದು 8 ಮಾತ್ರ. ಅಂದಿನಿಂದ ಕಸಿಗೆ ಮೊದಲು ಈ ಪರೀಕ್ಷೆ ಮಾಡುವುದು ವಾಡಿಕೆಯಾಯಿತು.

ಪರೀಕ್ಷೆಯಿದ್ದ ಮೇಲೆ ರೋಗಿಯ ಪೂರ್ವಕಥೆ ಏಕೆ ಬೇಕು ಎಂದು ಕೇಳಬಹುದು. ವರ್ಷಗಳು ಕಳೆದಂತೆ ಪ್ರತಿಕಾಯಗಳು ಕಾಣಿಸದಷ್ಟು ಇಳಿದಿರುತ್ತವೆ, ಆದರೆ ದೇಹ ಮರೆತಿರುವುದಿಲ್ಲ. ಹೊಸ ಕಿಡ್ನಿ ಸೇರಿದೊಡನೆ ಮತ್ತೆ ಏರಬಹುದು. ಪರೀಕ್ಷೆಯ ನಂತರ ಒಂದು ಬಾಟಲಿ ರಕ್ತ ಹಾಕಿಸಿಕೊಂಡರೂ ಹಳೆಯ ವರದಿಯನ್ನು ನಂಬುವಂತಿಲ್ಲ. ಎಷ್ಟು ಹೆರಿಗೆ, ಎಷ್ಟು ಗರ್ಭಪಾತ, ಯಾವಾಗ ರಕ್ತ ಹಾಕಿದರು ಎಂದು ವೈದ್ಯರು ಕೇಳುವುದು ಇದಕ್ಕಾಗಿಯೇ. ಭಾಷೆ ತಿಳಿಯದ ಹಳ್ಳಿಯ ತಾಯಿ, ಅದೂ ಜತೆಗೆ ಬಂದ ಮೈದುನನ ಎದುರಿನಲ್ಲಿ, ಗರ್ಭಪಾತದ ಮಾತನ್ನು ಆಡಿಯಾಳೇ? ತಲೆಯಾಡಿಸಿ ಸುಮ್ಮನಾಗುತ್ತಾಳೆ.

ಪ್ರತಿಕಾಯ ಕಂಡಿತೆಂದು ಕೈಚೆಲ್ಲಬೇಕಾಗಿಲ್ಲ. ಒಗ್ಗದ ಎರಡು ಕುಟುಂಬಗಳು ದಾನಿಗಳನ್ನು ಪರಸ್ಪರ ಬದಲಿಸಿಕೊಳ್ಳಲು 2011ರ ತಿದ್ದುಪಡಿ ಅವಕಾಶ ಕೊಟ್ಟಿದೆ. ರಕ್ತದಿಂದ ಪ್ರತಿಕಾಯಗಳನ್ನು ಸೋಸಿ ತೆಗೆಯುವ ವಿಧಾನವೂ ಇದೆ. ಮಳೆ ನಂಬಿದ ಜತ್ತದ ರೈತನಿಗೆ ಅದರ ಖರ್ಚು ನಿಲುಕದು. ಡಯಾಲಿಸಿಸಿನ ರೋಗಿಗೆ ರಕ್ತಹೀನತೆಯಾದಾಗ ಎರಿಥ್ರೊಪೊಯೆಟಿನ್ ಚುಚ್ಚುಮದ್ದಿನಿಂದ ಸಾಗುವುದಾದರೆ ರಕ್ತ ಏರಿಸುವುದನ್ನು ತಪ್ಪಿಸಬಹುದೇ ಎಂದು ಮನೆಯವರು ವೈದ್ಯರನ್ನು ಕೇಳುವುದು ಒಳಿತು. ಕಸಿಯಾದ ಮೇಲೆ ಮಾತ್ರೆ ತಪ್ಪಿಸಿದರೂ ಹೊಸ ಪ್ರತಿಕಾಯಗಳು ಹುಟ್ಟುತ್ತವೆ.

ಕಸಿಯ ಅಪಾಯಗಳನ್ನೆಲ್ಲ ದಾನಿಗೂ ರೋಗಿಗೂ ವೈದ್ಯರು ವಿವರಿಸತಕ್ಕದ್ದೆಂದು 1994ರ ಅಂಗಾಂಗ ಕಸಿ ಕಾಯಿದೆಯ 12ನೆಯ ಕಲಮು ವಿಧಿಸುತ್ತದೆ. ತಿಳಿಯದ ಭಾಷೆಯಲ್ಲಿ ಹೇಳಿದ್ದು ವಿವರಣೆಯೆನಿಸುವುದು ಹೇಗೆ? ಗಡಿಭಾಗದ ರೋಗಿಗಳು ಬರುವ ಆಸ್ಪತ್ರೆಗಳು ಈ ಪ್ರಶ್ನೆಗಳ ಒಂದು ಹಾಳೆಯನ್ನು ಕನ್ನಡದಲ್ಲಿಯೂ ಅಚ್ಚು ಹಾಕಿಸಬೇಕು, ಹೆಂಗಸರನ್ನು ಪ್ರತ್ಯೇಕವಾಗಿ ಕೇಳಬೇಕು. ಅನುವಾದಕ್ಕೆ ಹಣ ಬೇಕಿಲ್ಲ. ಜತ್ತದ ಕನ್ನಡ ಶಾಲೆಯ ಮಾಸ್ತರರೊಬ್ಬರಿಗೆ ಅದು ಒಂದು ಸಂಜೆಯ ಕೆಲಸ.