ಸೋಮವಾರದ ಕೊಬ್ಬರಿ

ಮಕ್ಕಳೇ, ಈ ವಾರ ನನ್ನದೇ ಒಂದು ಹಳೆಯ ಕಳ್ಳತನ ಹೇಳುತ್ತೇನೆ.

1965ರಲ್ಲಿ ಪಾಕಿಸ್ತಾನದೊಡನೆ ಯುದ್ಧವಾದಾಗ ನಾನು ತಿಪಟೂರಿನಲ್ಲಿ 11 ವರ್ಷದ ಹುಡುಗ. ಗಡಿ ನಮಗೆ ಬಲು ದೂರ. ಆದರೆ ದೇಶದಲ್ಲಿ ಧಾನ್ಯದ ಕೊರತೆ. ವಾರಕ್ಕೊಂದು ಹೊತ್ತು ಊಟ ಬಿಡಿ ಎಂದು ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಕೇಳಿಕೊಂಡಿದ್ದರು. ಸೋಮವಾರ ಸಂಜೆ ಅಮ್ಮ ಒಲೆ ಹಚ್ಚುತ್ತಿರಲಿಲ್ಲ. ನಮಗೆ ಒಂದೊಂದು ಲೋಟ ಮಜ್ಜಿಗೆ, ಅಷ್ಟೆ. ಸೆಪ್ಟೆಂಬರ್ 23ಕ್ಕೆ ಯುದ್ಧ ನಿಂತಿತು, ನಮ್ಮ ಮನೆಯ ಸೋಮವಾರ ನಿಲ್ಲಲಿಲ್ಲ.

1966ರ ಜನವರಿ 10, ಸೋಮವಾರ. ಸಂಕ್ರಾಂತಿಗೆ ನಾಲ್ಕೇ ದಿನ. ಎಳ್ಳುಬೆಲ್ಲಕ್ಕೆಂದು ಅಜ್ಜಿ ಸಣ್ಣಗೆ ಹೆಚ್ಚಿ ಒಣಗಿಸಿದ್ದ ಕೊಬ್ಬರಿ ಮೊರದಲ್ಲಿತ್ತು. ತಿಪಟೂರಿನ ಕೊಬ್ಬರಿ, ಕೇಳಬೇಕೆ! ಹಸಿವು ತಡೆಯದೆ ಕತ್ತಲಲ್ಲಿ ಎರಡು ಹಿಡಿ ತಿಂದೆ. ಗುರುತು ಸಿಗದಂತೆ ಮೊರ ಅಲುಗಿಸಿ ಸಮ ಮಾಡಿ ಮಲಗಿದೆ.

ಬೆಳಿಗ್ಗೆ ಎದುರು ಮನೆಯ ರೇಡಿಯೋ ಮುಂದೆ ಜನ ಸೇರಿದ್ದರು. ತಾಷ್ಕೆಂಟಿನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದ ರಾತ್ರಿಯೇ ಶಾಸ್ತ್ರಿಯವರು ತೀರಿಕೊಂಡಿದ್ದರು. ನನ್ನ ಕೈಕಾಲು ತಣ್ಣಗಾಯಿತು. ಸೋಮವಾರ ಮುರಿದವನು ನಾನೇ ಅಲ್ಲವೇ? ಅಜ್ಜಿಯ ಸೆರಗು ಹಿಡಿದು ಎಲ್ಲ ಹೇಳಿ ಅತ್ತುಬಿಟ್ಟೆ.

"ಅಯ್ಯೋ ಪೆದ್ದ, ಮೊರದ ಸದ್ದು ರಾತ್ರಿಯೇ ಕೇಳಿಸ್ತು ಕಣೋ. ಹಸಿದ ಮಗು ತಿಂದ್ರೆ ಆ ಪುಣ್ಯಾತ್ಮ ಬೇಡ ಅಂತಿದ್ರಾ?" ಎಂದು ನನ್ನ ಕಣ್ಣೊರೆಸಿದಳು. ಆಮೇಲೆ ಅದೇ ಸೆರಗಿನಲ್ಲಿ ತನ್ನ ಕಣ್ಣನ್ನೂ.

ಆ ಸಲ ನಮ್ಮ ಮನೆಯ ಎಳ್ಳುಬೆಲ್ಲದಲ್ಲಿ ಕೊಬ್ಬರಿ ಕಡಿಮೆಯಿತ್ತು. ಯಾಕೆಂದು ಯಾರೂ ಕೇಳಲಿಲ್ಲ.